ತಕಾತ್ಸುಕಿಯ ದೊರೆ ತಕಾಯಾಮಾ ಉಕೋನ್

ಜಪಾನ್ ದೇಶವು ಹದಿನಾರನೆಯ ಶತಮಾನದಲ್ಲಿ ಒಬ್ಬನೇ ಅರಸನ ಕೈಕೆಳಗೆ ಇರಲಿಲ್ಲ. ಕ್ಯೋತೋ ನಗರದಲ್ಲಿ ಚಕ್ರವರ್ತಿಯಿದ್ದಾಗ್ಯೂ ದೇಶವೆಲ್ಲಾ ಪಾಳೆಯಪಟ್ಟುಗಳಾಗಿ ಒಡೆದುಹೋಗಿ, ಒಬ್ಬೊಬ್ಬ ದೊರೆಯು ತನ್ನ ತನ್ನ ಕೋಟೆಯಲ್ಲಿ ಕುಳಿತು ನೆರೆಯವನೊಡನೆ ಯುದ್ಧಮಾಡುತ್ತಿದ್ದನು. ಸಂಸ್ಥಾನದ ಹಿರಿಮೆಯನ್ನು ಅಲ್ಲಿ ಅಕ್ಕಿಯಿಂದ ಅಳೆಯುತ್ತಿದ್ದರು. ಒಬ್ಬ ಮನುಷ್ಯನು ಒಂದು ವರುಷ ಉಣ್ಣುವಷ್ಟು ಅಕ್ಕಿಗೆ ಒಂದು ಕೊಕು ಎಂದು ಹೆಸರು. ಕ್ಯೋತೋ ಮತ್ತು ಓಸಾಕಾ ನಗರಗಳ ನಡುವಣ ತಕಾತ್ಸುಕಿಯು ಇಂಥ ಚಿಕ್ಕ ಸಂಸ್ಥಾನಗಳಲ್ಲೊಂದು. ಅದನ್ನು ಆಳಿದ ತಕಾಯಾಮಾ ಉಕೋನನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಉಕೋನನು 1552ರ ಸುಮಾರಿಗೆ ಹುಟ್ಟಿದನು. ಅವನ ತಂದೆಯು ಬುದ್ಧಮತಸ್ಥನಾದ ಯೋಧನು. 1563ರಲ್ಲಿ ಅವನು ಲೊರೆನ್ಸೊ ಎಂಬ ಜಪಾನೀ ಉಪದೇಶಿಯ ಮಾತುಗಳನ್ನು ಕೇಳಿ ಮನಮುಟ್ಟಿದವನಾಗಿ ದೀಕ್ಷಾಸ್ನಾನ ಹೊಂದಿದನು. ಈ ಲೊರೆನ್ಸೊ ಎಂಬವನು ಹೆಚ್ಚು ಕಡಿಮೆ ಕುರುಡನು. ಮೊದಲು ತಂತಿವಾದ್ಯ ನುಡಿಸುತ್ತಾ ಊರೂರು ಅಲೆದು ಹೊಟ್ಟೆಹೊರೆದವನು. ಕರ್ತನು ತನ್ನ ಕೆಲಸಕ್ಕೆ ಎಂಥವರನ್ನು ಆರಿಸುತ್ತಾನೆಂಬದನ್ನು ಗಮನಿಸಿರಿ. ಸ್ವಲ್ಪ ಕಾಲದಲ್ಲಿಯೇ ತಾಯಿಯೂ ಮಕ್ಕಳೂ ಮನೆಯಾಳುಗಳೂ ಸಹ ದೀಕ್ಷಾಸ್ನಾನ ಹೊಂದಿದರು. ತಂದೆಗೆ ದಾರಿಯೊ ಎಂದೂ ಮಗನಿಗೆ ಜುಸ್ತೊ, ಅಂದರೆ ನೀತಿವಂತನು, ಎಂದೂ ಹೆಸರಿಟ್ಟರು. ಇವರು ಸೇರಿದ್ದು ರೋಮನ್ ಕಥೋಲಿಕ ಸಭೆಗೆ. ನಮ್ಮ ಪ್ರೊಟೆಸ್ಟಂಟ್ ಮಿಶನರಿಗಳು ಜಪಾನಿಗೆ ಕಾಲಿಟ್ಟದ್ದು 1859ರಲ್ಲಿಯೇ.

1573ರಲ್ಲಿ ಕೋಟೆಯೊಳಗೆ ನಡೆದ ಕತ್ತಿಕಾಳಗದಲ್ಲಿ ಉಕೋನನು ಹಿಂದಣ ದೊರೆಯನ್ನು ಸೋಲಿಸಿದನು. ತಾನೂ ಕುತ್ತಿಗೆಗೆ ಗಾಯಹೊಂದಿ ಮರಣದ ಬಾಗಿಲವರೆಗೆ ಹೋಗಿ ಬಂದನು. ತಕಾತ್ಸುಕಿಯು ಇವರ ಕೈಸೇರಿದ್ದು ರಕ್ತದಿಂದಲೇ. ಅದನ್ನು ಮರೆಮಾಡುವದು ಯುಕ್ತವಲ್ಲ. ಆದರೆ ಆ ರೋಗಶಯ್ಯೆಯಿಂದ ಎದ್ದ ಮೇಲೆ ಅವನು ನಾಮಮಾತ್ರದ ವಿಶ್ವಾಸಿಯಾಗಿ ಉಳಿಯಲಿಲ್ಲ. ಬಡವನೊಬ್ಬನು ಸತ್ತರೆ ತಂದೆಮಕ್ಕಳಿಬ್ಬರೂ ಹೆಗಲುಕೊಟ್ಟು ಹೆಣವನ್ನು ಹೊರುತ್ತಿದ್ದರು. ಆ ದೇಶದಲ್ಲಿ ಹೆಣ ಹೊರುವದು ಅತಿ ಹೀನರೆನಿಸಿಕೊಂಡವರ ಕೆಲಸವಾಗಿತ್ತು. ದೊರೆಯೇ ಹೊರುವದನ್ನು ಕಂಡ ಯೋಧರು ನಾಚಿಕೊಂಡು ತಾವೂ ಗುದ್ದಲಿ ಹಿಡಿದರು. 1581ರ ಹೊತ್ತಿಗೆ ಆ ಸೀಮೆಯ 25,000 ಜನರಲ್ಲಿ 18,000 ಮಂದಿ ಕ್ರೈಸ್ತರಾಗಿದ್ದರೆಂದು ಪಾದ್ರಿಗಳು ಬರೆದಿಟ್ಟಿದ್ದಾರೆ. ಆದರೆ ಅವನ ಆಳಿಕೆಯಲ್ಲಿ ಬುದ್ಧನ ಗುಡಿಗಳು ಕೆಡವಲ್ಪಟ್ಟವು. ದೊರೆಯ ಮುಖ ನೋಡಿ ಮತ ಬಿಟ್ಟವರೂ ಆ ಲೆಕ್ಕದಲ್ಲಿ ಇದ್ದಿರಬೇಕು; ಅಂಥ ಕೊಯ್ಲನ್ನು ನಾವು ಮೆಚ್ಚಲಾರೆವು.

1578ರಲ್ಲಿ ಅವನಿಗೆ ಕಠಿಣ ಶೋಧನೆ ಬಂತು. ಅವನ ಮೇಲಣ ಒಡೆಯನಾದ ಅರಾಕಿ ಮುರಾಶಿಗೆಯು ಮಹಾಪ್ರಬಲನಾದ ಓದಾ ನೊಬುನಾಗನಿಗೆ ವಿರೋಧವಾಗಿ ದಂಗೆಯೆದ್ದನು. ಉಕೋನನ ಮಗನೂ ತಂಗಿಯೂ ಅರಾಕಿಯ ಕೈಯಲ್ಲಿ ಒತ್ತೆಯಾಗಿದ್ದರು. ಕೋಟೆಯನ್ನು ಒಪ್ಪಿಸದಿದ್ದರೆ ಪಾದ್ರಿಗಳನ್ನು ಕೊಂದು ದೇವಾಲಯಗಳನ್ನು ಹಾಳುಮಾಡುವೆನೆಂದು ನೊಬುನಾಗನು ಬೆದರಿಸಿದನು. ಒಪ್ಪಿಸಿದರೆ ಮಗನು ಸಾಯುವನು, ಒಪ್ಪಿಸದಿದ್ದರೆ ಸಭೆಯು ಅಳಿಯುವದು. ಉಕೋನನು ಬಹಳ ಪ್ರಾರ್ಥನೆಮಾಡಿ ಯಾರೂ ಎಣಿಸದ ದಾರಿಯನ್ನು ಹಿಡಿದನು. ದೊರೆತನವನ್ನೇ ಬಿಟ್ಟು, ತಲೆಬೋಳಿಸಿ, ಕಾಗದದ ಉಡುಪನ್ನುಟ್ಟು, ಆಯುಧವಿಲ್ಲದೆ ನೊಬುನಾಗನ ಮುಂದೆ ಹೋಗಿ ನಿಂತನು. ತಂದೆ ದಾರಿಯೊನು ಅರಾಕಿಯ ಬಳಿಗೆ ಓಡಿಹೋಗಿ ತನ್ನನ್ನು ಒಪ್ಪಿಸಿಕೊಟ್ಟನು. ಕರ್ತನ ಕೃಪೆಯಿಂದ ಒತ್ತೆಯವರ ಪ್ರಾಣ ಉಳಿಯಿತು. ನೊಬುನಾಗನು ಸಂತೋಷಪಟ್ಟು ಸಂಸ್ಥಾನವನ್ನು ಹಿಂದಕ್ಕೆ ಕೊಟ್ಟದ್ದಲ್ಲದೆ ಅದನ್ನು 40,000 ಕೊಕುಗಳಿಗೆ ಹೆಚ್ಚಿಸಿದನು.

1582ರಲ್ಲಿ ನೊಬುನಾಗನು ಸತ್ತ ಮೇಲೆ ತೊಯೊತೊಮಿ ಹಿದೆಯೋಶಿಯು ಪ್ರಬಲನಾಗಿ, 1585ರಲ್ಲಿ ಉಕೋನನಿಗೆ ಸಮುದ್ರತೀರದ ಅಕಾಶಿಯನ್ನು ಕೊಟ್ಟನು. ಎರಡು ವರುಷವಾದ ಮೇಲೆ ಅದೇ ಹಿದೆಯೋಶಿಯು ಪಾದ್ರಿಗಳು ದೇಶಬಿಡಬೇಕೆಂದು ಆಜ್ಞಾಪಿಸಿ, ಕ್ರಿಸ್ತನನ್ನಾಗಲಿ ಸಂಸ್ಥಾನವನ್ನಾಗಲಿ ಬಿಡಬೇಕೆಂದು ಉಕೋನನಿಗೆ ಹೇಳಿಕಳುಹಿಸಿದನು. ಉಕೋನನು ತಡಮಾಡದೆ ಸಂಸ್ಥಾನವನ್ನು ಬಿಟ್ಟನು. ಅವನ ಯೋಧರೂ ಅವರ ಹೆಂಡರು ಮಕ್ಕಳೂ ಒಂದೇ ದಿನದಲ್ಲಿ ನೆಲೆಯಿಲ್ಲದವರಾದರು. ಹೊಲಮನೆ ಕಳಕೊಂಡು ಬಂದಿರುವ ನಮ್ಮ ಸಭೆಗಳ ಹಿರಿಯರಿಗೆ ಇದರ ಭಾರವನ್ನು ವಿವರಿಸಬೇಕಾದದ್ದಿಲ್ಲ.

ಆಮೇಲೆ 1588ರಿಂದ ಕನಾಜಾವಾದ ದೊರೆಗಳಾದ ಮಾಯೆದಾ ವಂಶದವರ ಆಶ್ರಯದಲ್ಲಿ ಇಪ್ಪತ್ತಾರು ವರುಷ ಬಾಳಿದನು. ಚಹದ ಉಪಚಾರವೆಂಬ ಆ ದೇಶದ ವಿದ್ಯೆಯಲ್ಲಿ ಅವನು ಪ್ರಸಿದ್ಧ ಗುರುವಾದ ಸೆನ್ ನೊ ರಿಕ್ಯುವಿನ ಮುಖ್ಯ ಶಿಷ್ಯರಲ್ಲಿ ಒಬ್ಬನು. ಆ ಚಿಕ್ಕ ಚಹದ ಕೋಣೆಯೇ ಅವನಿಗೆ ಪ್ರಾರ್ಥನೆಯ ಸ್ಥಳವಾಗಿತ್ತು.

1614ರಲ್ಲಿ ತೊಕುಗಾವಾ ಇಯೆಯಾಸುವು ಕ್ರಿಸ್ತಮತವನ್ನು ದೇಶದಲ್ಲೆಲ್ಲಾ ನಿಷೇಧಿಸಿದನು. ಅರುವತ್ತು ದಾಟಿದ ಉಕೋನನು ಹೆಂಡತಿ, ಮಗಳು, ಮೊಮ್ಮಕ್ಕಳೊಡನೆ ಹಿಮ ಬಿದ್ದ ಬೆಟ್ಟಗಳನ್ನು ದಾಟಿ ನಾಗಸಾಕಿಗೆ ಬಂದು, ಅಲ್ಲಿಂದ ಬೇರೆ ಕ್ರೈಸ್ತರ ಸಂಗಡ ಹಡಗುಹತ್ತಿದನು. ಮನಿಲಾದಲ್ಲಿ ಸ್ಪೇನಿನವರು ಅವನನ್ನು ಬಹು ಮರ್ಯಾದೆಯಿಂದ ಇದಿರುಗೊಂಡರು. ಆದರೆ ಜ್ವರಹಿಡಿದು 1615ನೇ ಫೆಬ್ರವರಿ ತಿಂಗಳ ಮೊದಲಲ್ಲಿಯೇ ತೀರಿಹೋದನು.

ತಕಾತ್ಸುಕಿಯು 1649ರಿಂದ ನಾಗಾಯಿ ವಂಶದವರದಾಗಿ, 1871ರಲ್ಲಿ ಸಂಸ್ಥಾನಗಳೆಲ್ಲಾ ರದ್ದಾಗುವ ತನಕ ಅವರ ಕೈಯಲ್ಲಿತ್ತು. ಕ್ರಿಸ್ತಮತವನ್ನು ನಿಷೇಧಿಸಿದ ಹಲಗೆಗಳು 1873ರ ವರೆಗೂ ದಾರಿಬದಿಗಳಲ್ಲಿ ನಿಂತಿದ್ದವು. ಉಕೋನನ ಸೀಮೆಗೆ ಸೇರಿದ್ದ ಸೆಂದಾಯ್ಜಿ ಎಂಬ ಗುಡ್ಡಗಾಡಿನಲ್ಲಿ 1919ರಲ್ಲಿ ಶಿಲುಬೆ ಕೆತ್ತಿದ ಸಮಾಧಿಯ ಕಲ್ಲೊಂದು ಸಿಕ್ಕಿತು. ಮರುವರ್ಷ ಅಲ್ಲಿಯ ರೈತನೊಬ್ಬನ ಮನೆಯಲ್ಲಿ, ತಲೆತಲಾಂತರದಿಂದ ತೆರೆಯಬಾರದೆಂದು ಅಡಗಿಸಿಟ್ಟಿದ್ದ ಮರದ ಪೆಟ್ಟಿಗೆಯನ್ನು ತೆರೆದಾಗ, 1549ರಲ್ಲಿ ಜಪಾನಿಗೆ ಮೊದಲು ಸುವಾರ್ತೆ ತಂದ ಫ್ರಾನ್ಸಿಸ್ ಝೇವಿಯರನ ಚಿತ್ರಪಟವು ಅದರೊಳಗಿತ್ತು.