ತಿಳಿಗನ್ನಡದ ಗುರು ಎ. ಆರ್. ಕೃಷ್ಣಶಾಸ್ತ್ರಿಗಳು

ಕನ್ನಡ ಗದ್ಯಕ್ಕೆ ತಿಳಿನೀರಿನ ಪ್ರಸನ್ನತೆಯನ್ನು ತಂದಿತ್ತವರಲ್ಲಿ ಪ್ರೊ. ಎ. ಆರ್. ಕೃಷ್ಣಶಾಸ್ತ್ರಿಗಳು (1890–1968) ಅಗ್ರಗಣ್ಯರು. ಇಂಗ್ಲಿಷೇ ಪ್ರತಿಷ್ಠೆಯೆನಿಸಿದ್ದ ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಆರಂಭಿಸಿ ಎಳೆಯರನ್ನು ಕನ್ನಡ ಬರವಣಿಗೆಗೆ ಹಚ್ಚಿದರು. ನಮ್ಮ ಜಿಲ್ಲೆಯ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು ಅವರ ಆಪ್ತಮಿತ್ರರು. ಶ್ರೀ ರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಈರ್ವರೂ ಕೂಡಿಯೇ ರಚಿಸಿದರು.

ಶಾಸ್ತ್ರಿಗಳ ಗದ್ಯಶಕ್ತಿಯ ಪರಿಪಾಕ 1950ರ ‘ವಚನಭಾರತ’. ಹದಿನೆಂಟು ಪರ್ವಗಳ ಮಹಾಕಥೆಯನ್ನು ಒಂದೇ ಸಂಪುಟಕ್ಕೆ ಇಳಿಸುವಲ್ಲಿ ಬರೆಯುವುದಕ್ಕಿಂತ ಬಿಡುವುದೇ ಕಠಿಣ. ಯಾವುದು ಮುಖ್ಯ, ಯಾವುದರ ಬಳಿಕ ಯಾವುದು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡವರಿಗೆ ಮಾತ್ರ ಅದು ಸಾಧ್ಯ. ಸಂಸ್ಕೃತದಲ್ಲಿ ಪಾರಂಗತರಾದರೂ ಅವರು ಪಾಂಡಿತ್ಯವನ್ನು ಮೆರೆಸದೆ ಕಥೆಯನ್ನು ನಡೆಸಿದರು.

ವಿಷಯವನ್ನು ಬಲ್ಲರೂ ತಿಳಿಯಹೇಳಲಾರದೆ ಪರೀಕ್ಷೆಯಲ್ಲಿ ಹಿಂದುಳಿಯುವ ಹಳ್ಳಿಯ ಮಕ್ಕಳು ಇಂದಿಗೂ ಅನೇಕರು. ಕಂಡಿಕೆಗೊಂದೇ ವಿಷಯ, ಮೊದಲ ವಾಕ್ಯದಲ್ಲಿಯೇ ಅದರ ಸೂಚನೆ, ಬಳಿಕ ಕ್ರಮವಾದ ವಿವರಣೆ, ಅನಾವಶ್ಯಕವಾದುದರ ತ್ಯಾಗ: ಇಷ್ಟನ್ನು ಅವರಿಗೆ ರೂಢಿಸಬೇಕು. ‘ವಚನಭಾರತ’ದ ಒಂದು ಪುಟವನ್ನು ತರಗತಿಯಲ್ಲಿ ಓದಿಸಿ, ಅದರ ಸಾರವನ್ನು ಐದಾರು ವಾಕ್ಯಗಳಲ್ಲಿ ಬರೆಯಿಸುವ ಉಪಾಧ್ಯಾಯರು ಶಾಸ್ತ್ರಿಗಳಿಗೆ ಸಲ್ಲಿಸುವ ಗೌರವ ಯಾವ ಸ್ಮಾರಕಕ್ಕೂ ಕಡಮೆಯಾದುದಲ್ಲ.