ಆರುನೂರ ಆರನೆಯ ಮದ್ದು

ರೋಗಗಳ ಹೆಸರಿನಲ್ಲಿಯೂ ಜನಾಂಗಗಳ ಚರಿತ್ರೆ ಅಡಗಿರುತ್ತದೆಂಬುದಕ್ಕೆ ಸಿಫಿಲಿಸ್ಸಿಗಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲ. ಫ್ರೆಂಚರು ಅದನ್ನು ನೇಪಲ್ಸಿನ ರೋಗವೆಂದರು. ಇಟಲಿಯವರು ಫ್ರೆಂಚರ ರೋಗವೆಂದರು. ಹದಿನಾರನೆಯ ಶತಮಾನದ ಭಾವಮಿಶ್ರನು ಫಿರಂಗರೋಗವೆಂದು ಬರೆದನು. ನಮ್ಮ ಜನರ ಬಾಯಲ್ಲಿ ಅದು ಪರಂಗಿ ರೋಗವಾಯಿತು. ಎಲ್ಲರೂ ಅದನ್ನು ಪರರ ಬಾಗಿಲಿಗೆ ತಳ್ಳಿದವರೇ! ತಳ್ಳಲು ಪರರು ಸಿಕ್ಕದಾಗ ಗುಹ್ಯರೋಗವೆಂದು ಕರೆದು ಮುಚ್ಚಿಟ್ಟರು. ಶಬ್ದಾರ್ಥಗಳನ್ನು ಪಾಠ ಹೇಳಿ ಬದುಕುವ ನನಗೆ ಈ ಕೊನೆಯ ಹೆಸರೇ ಎಲ್ಲಕ್ಕಿಂತ ಅಪಾಯದ್ದೆಂದು ತೋರುತ್ತದೆ. ಆ ಮರೆಯನ್ನು ಸರಿಸಿದವರಲ್ಲಿ ಪಾಲ್ ಏರ್ಲಿಕ್ ಅಗ್ರಗಣ್ಯನು.

ಆತ ಹುಟ್ಟಿದ್ದು 1854ರ ಮಾರ್ಚ್ 14ರಂದು, ಸೈಲೀಷಿಯದ ಸ್ಟ್ರೇಲೆನ್ ಎಂಬ ಪಟ್ಟಣದ ಯೆಹೂದ್ಯ ಕುಟುಂಬದಲ್ಲಿ. ವೈದ್ಯವಿದ್ಯಾರ್ಥಿಯಾಗಿದ್ದಾಗಲೇ ಬಣ್ಣಗಳ ಹುಚ್ಚು ಹತ್ತಿತು. ಬಟ್ಟೆಗೆ ಹಾಕುವ ಹೊಸ ರಾಸಾಯನಿಕ ಬಣ್ಣಗಳಲ್ಲಿ ಒಂದೊಂದೂ ದೇಹದ ಒಂದೊಂದು ಬಗೆಯ ಜೀವಕೋಶವನ್ನು ಮಾತ್ರ ಹಿಡಿಯುತ್ತದೆ, ಉಳಿದವನ್ನು ಮುಟ್ಟುವುದಿಲ್ಲ ಎಂಬುದನ್ನು ಕಂಡು ಆತನಿಗೆ ಒಂದು ವಿಚಾರ ಹೊಳೆಯಿತು. ಬಣ್ಣವು ತನ್ನ ಗುರಿಯನ್ನು ತಾನೇ ಹುಡುಕಿಕೊಳ್ಳುವುದಾದರೆ, ರೋಗಾಣುವನ್ನಷ್ಟೇ ಹುಡುಕಿ ಕೊಲ್ಲುವ ವಿಷವೇಕೆ ಇರಬಾರದು? ನಮ್ಮ ಪುರಾಣಗಳ ಮಂತ್ರಾಸ್ತ್ರದ ಕಲ್ಪನೆಯೂ ಇದೇ ಅಲ್ಲವೇ! ಸದಾ ಚುರುಟು ಸೇದುತ್ತ, ಕಂಡಲ್ಲೆಲ್ಲ ಸೂತ್ರಗಳನ್ನು ಗೀಚುತ್ತಿದ್ದ ಈತನಿಗೆ 1908ರಲ್ಲಿ ನೊಬೆಲ್ ಪಾರಿತೋಷಕ ಬಂದಿತು; ಅದು ರೋಗನಿರೋಧ ಶಕ್ತಿಯ ಸಂಶೋಧನೆಗಾಗಿ. ಲೋಕ ಆತನನ್ನು ನೆನೆಯುವುದು ಅನಂತರದ ಕೆಲಸಕ್ಕಾಗಿ.

ಸಿಫಿಲಿಸ್ಸಿನ ರೋಗಾಣು ಬರ್ಲಿನ್ನಿನಲ್ಲಿ ಪತ್ತೆಯಾದದ್ದು 1905ರಲ್ಲಿ. ಅಲ್ಲಿಯವರೆಗೆ, ಅದರ ಮೇಲೂ ಕೆಲಕಾಲ, ಚಿಕಿತ್ಸೆಯೆಂದರೆ ಪಾದರಸ. ರೋಗಿಯ ಬಾಯಿ ಹುಣ್ಣಾಗಿ, ಜೊಲ್ಲು ಸುರಿದು, ಹಲ್ಲು ಸಡಿಲಾಗುತ್ತಿತ್ತು. ಫ್ರಾಂಕ್‌ಫರ್ಟಿನ ಪ್ರಯೋಗಶಾಲೆಯಲ್ಲಿ ಏರ್ಲಿಕ್ ಮತ್ತು ಸಂಗಡಿಗರು ಪಾಷಾಣದ ಸಂಯುಕ್ತಗಳನ್ನು ಒಂದೊಂದಾಗಿ ಸಿದ್ಧಪಡಿಸಿ, ಸಂಖ್ಯೆ ಹಾಕಿ ಪರೀಕ್ಷಿಸುತ್ತ ಹೋದರು. 606ನೆಯದನ್ನು ಮೊದಲು ನಿರುಪಯುಕ್ತವೆಂದು ಬದಿಗಿರಿಸಿದ್ದರು. 1909ರಲ್ಲಿ ಜಪಾನಿನಿಂದ ಬಂದ ಸಹಾಚಿರೊ ಹಾತಾ ಎಂಬ ತಾಳ್ಮೆಯ ತರುಣ ಎಲ್ಲವನ್ನೂ ಮೊದಲಿನಿಂದ ಮೊಲಗಳ ಮೇಲೆ ಪರೀಕ್ಷಿಸಿದಾಗ, ಮೂಲೆಗೆ ಬಿದ್ದದ್ದೇ ಮದ್ದಾಗಿ ನಿಂತಿತು. 1910ರ ಏಪ್ರಿಲಿನಲ್ಲಿ ವೀಸ್‌ಬಾಡೆನ್ನಿನ ವೈದ್ಯ ಸಮ್ಮೇಳನದಲ್ಲಿ ಸುದ್ದಿ ಪ್ರಕಟವಾಯಿತು. ಮಾರಾಟಕ್ಕೆ ಮೊದಲು ಸುಮಾರು 65,000 ಪ್ರಮಾಣಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಿ ಫಲಾಫಲಗಳ ವರದಿ ತರಿಸಿಕೊಂಡರು. ಸಾಲ್ವರ್ಸಾನ್ ಎಂಬುದು ಅದರ ವ್ಯಾಪಾರದ ಹೆಸರು.

ಕೀರ್ತಿಯ ಬೆನ್ನಲ್ಲೇ ಕಷ್ಟವೂ ಬಂದಿತು. ಗಾಳಿ ತಾಕಿದರೆ ಕೆಡುವ ಪುಡಿ ಅದು. ಕರಗಿಸಿ ಚುಚ್ಚುವುದರಲ್ಲಿ ಎಚ್ಚರ ತಪ್ಪಿದರೆ ಅಪಾಯ. ಕೆಲವರು ಸತ್ತರು. 1912ರಲ್ಲಿ ಬಳಕೆಗೆ ಸುಲಭವಾದ 914ನೆಯದು ಹೊರಬಂದರೂ ಟೀಕೆ ನಿಲ್ಲಲಿಲ್ಲ. ಪಾಪಕ್ಕೆ ತಕ್ಕ ಶಿಕ್ಷೆಯಾದ ರೋಗವನ್ನು ಗುಣಪಡಿಸುವುದೇ ತಪ್ಪೆಂದವರೂ ಇದ್ದರು. ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ವೇಶ್ಯೆಯರಿಗೆ ಬಲವಂತವಾಗಿ ಈ ಮದ್ದು ಚುಚ್ಚುತ್ತಾರೆಂದು ಒಬ್ಬ ಪತ್ರಿಕೆಯವನು ಬರೆದನು. 1914ರಲ್ಲಿ ಮೊಕದ್ದಮೆ ನಡೆದು, ಏರ್ಲಿಕ್ ಸಾಕ್ಷಿ ನುಡಿದು, ಬರೆದವನಿಗೆ ಒಂದು ವರ್ಷದ ಸೆರೆಯಾಯಿತು. ಆದರೂ ಒಪ್ಪಿಗೆ ಕೇಳದೆ ಚಿಕಿತ್ಸೆ ಮಾಡಬಹುದೇ ಎಂಬ ಪ್ರಶ್ನೆ ಆ ತೀರ್ಪಿನಿಂದ ಮುಗಿಯುವಂಥದಲ್ಲವೆಂದು ನನ್ನ ಅಭಿಪ್ರಾಯ. ಬಳಲಿದ್ದ ಏರ್ಲಿಕ್ 1915ರ ಆಗಸ್ಟ್ 20ರಂದು ತೀರಿಕೊಂಡನು. ಫ್ರಾಂಕ್‌ಫರ್ಟಿನ ಬೀದಿಯೊಂದಕ್ಕಿದ್ದ ಆತನ ಹೆಸರನ್ನು, ಯೆಹೂದ್ಯನೆಂಬ ಕಾರಣಕ್ಕೆ, ನಾಜಿಗಳು ಅಳಿಸಿದರು; ಯುದ್ಧಾನಂತರ ಅದು ಮರಳಿತು.

1943ರಿಂದ ಪೆನಿಸಿಲಿನ್ ಸಾಲ್ವರ್ಸಾನಿನ ಸ್ಥಾನವನ್ನು ಪಡೆಯತೊಡಗಿತು. ಮದ್ದು ಅಗ್ಗವಾಯಿತು, ಆದರೂ ರೋಗ ಅಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 15ರಿಂದ 49 ವಯಸ್ಸಿನವರಲ್ಲಿ 2020ರಲ್ಲಿ 71 ಲಕ್ಷ ಮಂದಿಗೆ ಹೊಸದಾಗಿ ಸಿಫಿಲಿಸ್ ತಗುಲಿತ್ತು. 2022ರಲ್ಲಿ ಆ ಸಂಖ್ಯೆ 80 ಲಕ್ಷವಾಯಿತು. ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ರೋಗ ಮಾತ್ರ ಒಳಗೇ ಉಳಿಯುತ್ತದೆ. ನಾಚಿಕೆಯಿಂದ ಸುಮ್ಮನಿರುವವನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಬಸುರಿಯಲ್ಲಿದ್ದರೆ ಶಿಶುವಿಗೂ ದಾಟುತ್ತದೆ. ಗರ್ಭದಲ್ಲಿಯೇ ಮಗು ಸಾಯಲೂಬಹುದು. ಬಸಿರಿನ ಮೊದಲ ತಿಂಗಳುಗಳಲ್ಲೇ ರಕ್ತ ಪರೀಕ್ಷಿಸಿ ಪೆನಿಸಿಲಿನ್ ಕೊಟ್ಟರೆ ಇದನ್ನು ತಡೆಯಬಹುದು. ಕಾಂಡೋಮಿನ ಬಳಕೆ ಸೋಂಕಿನ ಸಂಭವವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಗೆಂದೇ ಇರುವ ಕೊಠಡಿಗೆ ಸುರಕ್ಷಾ ಕ್ಲಿನಿಕ್ ಎಂದು ಹೆಸರಿಟ್ಟಿದ್ದಾರೆ. ಗುಹ್ಯವೆಂಬ ಮಾತನ್ನು ಬಿಟ್ಟದ್ದು ನನಗೆ ಹಿಡಿಸಿತು. ಅಲ್ಲಿ ಹಣ ಕೇಳುವುದಿಲ್ಲ. ಒಬ್ಬರಿಗೆ ಮಾತ್ರ ಮದ್ದಾಗಿ ಸಂಗಾತಿಗೆ ಆಗದಿದ್ದರೆ ಸೋಂಕು ಮತ್ತೆ ತಗುಲುತ್ತದೆ; ಆದುದರಿಂದ ಇಬ್ಬರೂ ಬರಬೇಕೆಂದು ಹೇಳುತ್ತಾರೆ.