ಸುಬ್ಬರಾವ್ ಮತ್ತು ಎರಡು ಹಳದಿ ಮಾತ್ರೆಗಳು

ರುಮಟಾಯ್ಡ್ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಹೆಸರುಗಳಿರುತ್ತವೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಬೇರೆ ದಿನ ಫೋಲಿಕ್ ಆಸಿಡ್. ಎರಡೂ ಹೆಚ್ಚಾಗಿ ಪುಟ್ಟ ಹಳದಿ ಮಾತ್ರೆಗಳೇ. ಗರ್ಭಿಣಿಗೆ ಒಂದು ಬೇಕೇ ಬೇಕು, ಇನ್ನೊಂದು ಕೂಡದೇ ಕೂಡದು. ವಿಚಿತ್ರವೆಂದರೆ, ಎರಡರ ಹಿಂದೆಯೂ ಒಬ್ಬರೇ ವಿಜ್ಞಾನಿಯ ತಂಡವಿದೆ. ಅವರು ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದರು. ಮೆಟ್ರಿಕ್ ಪಾಸಾದದ್ದು ಮೂರನೇ ಸಲಕ್ಕೆ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟದ್ದು ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಕೊಟ್ಟು ಕಳಿಸಿದರು. ಅದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲೇ ಬಿತ್ತು: ಸ್ಪ್ರೂ ಎಂಬ ಕಾಯಿಲೆಗೆ ಸಹೋದರರನ್ನು ಕಳೆದುಕೊಂಡರು. ಬೇಧಿ ನಿಲ್ಲದೆ, ತಿಂದದ್ದು ಮೈಗೆ ಹತ್ತದೆ, ರೋಗಿ ಸೊರಗುವ ಕಾಯಿಲೆ ಅದು. ಈಗ ಅದರ ಚಿಕಿತ್ಸೆಯಲ್ಲಿ ಫೋಲಿಕ್ ಆಸಿಡ್ ಇದೆ. ಆಗ ಆ ಹೆಸರೇ ಇರಲಿಲ್ಲ.

1920ರ ದಶಕದ ಆರಂಭದಲ್ಲಿ ಹೆಂಡತಿಯನ್ನು ಊರಲ್ಲಿ ಬಿಟ್ಟು ಬೋಸ್ಟನ್‌ಗೆ ಹೋದವರು ಮತ್ತೆ ಮರಳಲಿಲ್ಲ. ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೂಲಿ ಕೆಲಸ ಮಾಡಿ ಹೊಟ್ಟೆ ಹೊರೆದರು. ಹಾರ್ವರ್ಡ್‌ನಲ್ಲಿ ಫಿಸ್ಕ್ ಜೊತೆ ರೂಪಿಸಿದ ರಂಜಕ ಅಳೆಯುವ ವಿಧಾನವನ್ನು ನಾವು ಫಾರ್ಮಸಿ ಓದುವಾಗಲೂ ಕಲಿತಿದ್ದೇವೆ. ಅಲ್ಲಿ ಕಾಯಂ ಹುದ್ದೆ ಸಿಗದೆ 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು.

ಅಷ್ಟರಲ್ಲಿ ನಮ್ಮ ಮುಂಬೈಯಲ್ಲಿ ಒಂದು ಸುಳಿವು ಸಿಕ್ಕಿತ್ತು. ಗಿರಣಿ ಕೆಲಸದ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಕಂಡಿದ್ದರು. ಆ ಸಾರದಲ್ಲಿದ್ದ ಅಂಶವೇ ಫೋಲಿಕ್ ಆಸಿಡ್. ಅದನ್ನು 1945ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ್ದು ಸುಬ್ಬರಾವ್ ತಂಡ.

ಆ ಮೇಲೆ ತಂಡ ಅದರದೇ ಹೋಲಿಕೆಯ ಕಳ್ಳರೂಪಗಳನ್ನೂ ತಯಾರಿಸಿತು. ಅಮಿನೋಪ್ಟೆರಿನ್ ಅವುಗಳಲ್ಲೊಂದು, ಮೆಥೊಟ್ರೆಕ್ಸೇಟ್ ಅದರ ಹತ್ತಿರದ ಬಂಧು. ಫೋಲಿಕ್ ಆಸಿಡ್ ಎಂದು ನಂಬಿ ಜೀವಕೋಶ ಒಳಗೆ ಬಿಟ್ಟುಕೊಳ್ಳುತ್ತದೆ, ಕೋಶ ವಿಭಜನೆ ನಿಲ್ಲುತ್ತದೆ. ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ ಕೊಟ್ಟಾಗ ರಕ್ತಕ್ಯಾನ್ಸರಿನ ಕೆಲವು ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರು. ಆ ವರದಿ 1948ರ ಜೂನ್‌ನಲ್ಲಿ ಬಂತು. ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 53.

ವಿಭಜನೆ ನಿಲ್ಲಿಸುವ ಔಷಧ ಗರ್ಭದ ಕೂಸಿಗೆ ಏನು ಮಾಡುತ್ತದೆ ಎಂಬುದು 1950ರ ದಶಕದಲ್ಲಿ ತಿಳಿಯಿತು: ಗರ್ಭಪಾತ, ಇಲ್ಲವೇ ತಲೆಬುರುಡೆ, ಮುಖ, ಕೈಕಾಲುಗಳ ದೋಷ. ಫೋಲಿಕ್ ಆಸಿಡ್‌ನದು ತದ್ವಿರುದ್ಧ ಕಥೆ. ಬೆನ್ನುಹುರಿಯ ದೋಷವಿದ್ದ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರು ಗರ್ಭ ನಿಲ್ಲುವ ಮೊದಲೇ ಅದನ್ನು ತೆಗೆದುಕೊಂಡರೆ ಆ ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಗುತ್ತದೆ ಎಂದು 1991ರ ಬ್ರಿಟಿಷ್ ಅಧ್ಯಯನ ತೋರಿಸಿತು.

ಕೌಂಟರ್‌ನಲ್ಲಿ ನನಗೆ ಕೇಳಿಬರುವ ತಪ್ಪು ತಿಳುವಳಿಕೆ ಒಂದೇ: ಜೊತೆಗೆ ಫೋಲಿಕ್ ಆಸಿಡ್ ಇದೆಯಲ್ಲ, ಮಗುವಿಗೆ ಏನೂ ಆಗದು ಅಂತ. ಹಾಗಲ್ಲ. ಆ ಮಾತ್ರೆ ನಿಮ್ಮ ಬಾಯಿಹುಣ್ಣು, ವಾಕರಿಕೆ ತಗ್ಗಿಸಲು ಕೊಟ್ಟದ್ದು, ಕೂಸಿಗೆ ರಕ್ಷಣೆಯಲ್ಲ. ಮಗು ಬೇಕೆಂದಿದ್ದರೆ ಮೆಥೊಟ್ರೆಕ್ಸೇಟ್ ಎಷ್ಟು ತಿಂಗಳು ಮೊದಲೇ ನಿಲ್ಲಿಸಬೇಕು, ಬದಲಿಗೆ ಏನು ಎಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಗರ್ಭನಿರೋಧಕ ಬಳಸಿ. ಸಂಧಿವಾತ ಅಥವಾ ಸೋರಿಯಾಸಿಸ್‌ಗೆ ಇದನ್ನು ತೆಗೆದುಕೊಳ್ಳುತ್ತಿರುವಾಗಲೇ ಮುಟ್ಟು ತಪ್ಪಿದರೆ, ಮುಂದಿನ ವಾರದ ಮಾತ್ರೆ ನುಂಗದೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಫೋಲಿಕ್ ಆಸಿಡ್ ಮಾತ್ರ ನಿಲ್ಲಿಸಬೇಡಿ.